ಪಾಯಿಂಟ್ ಸೊನ್ನೆ ಸೊನ್ನೆ ನಾಲ್ಕರ ಮೇಲೆ ಕೂತವಳ ಅಹವಾಲು

ಇವರಿಗೆ,
ಶ್ರೀಯುತ ಹೆರಾಲ್ಡ್ ಅವರು,
ದರ್ಜೆ ಲೆಕ್ಕದ ಕಂಪ್ಯೂಟರ್,
ಮಾರ್ಗದರ್ಶಕಿಯವರ ಕೋಣೆ, ಕಿಟಕಿ ಪಕ್ಕದ ಮೇಜು,
ನಾರ್ಬಿ ಹೈಸ್ಕೂಲು, ನಾರ್ಬಿ, ಮಿನೆಸೋಟಾ.

ವಿಷಯ: ನನ್ನನ್ನು ತರಗತಿಗೆ ಮೊದಲಿಗಳನ್ನಾಗಿ ಮಾಡಿದ್ದರ ವಿರುದ್ಧ ದೂರು.

ಮಾನ್ಯರೇ,

ಮೊದಲು ತಮ್ಮ ಕ್ಷೇಮಸಮಾಚಾರ. ಚಳಿಗಾಲವಿಡೀ ಗೊರಕೆ ಹೊಡೆಯುತ್ತಿದ್ದ ತಮ್ಮ ಬೆನ್ನಿನ ಫ್ಯಾನು ಈಗ ಸುಧಾರಿಸಿದೆಯೆಂದೂ, ತಮ್ಮ ನೆತ್ತಿಯ ಮೇಲೆ ಕೂರಿಸಿರುವ ಹೂಕುಂಡದ ನೀರು ತಮ್ಮೊಳಗೆ ಇಳಿದಿಲ್ಲವೆಂದೂ, ಬೇಸಿಗೆ ರಜೆಯಲ್ಲಿ ಯಾರೂ ಬಂದು ಗುಂಡಿ ಒತ್ತಿ ಎಬ್ಬಿಸದೆ ತಾವು ನೆಮ್ಮದಿಯಾಗಿ ಮಲಗಿದ್ದೀರೆಂದೂ ನಂಬಿದ್ದೇನೆ. ನಾನೂ ಕ್ಷೇಮ. ನಮ್ಮೂರಿನವರು ಹೇಳುವಂತೆ ಹೇಳುವುದಾದರೆ, ‘ಪರವಾಗಿಲ್ಲ, ಇದಕ್ಕಿಂತ ಕೆಟ್ಟದಾಗಿರಬಹುದಿತ್ತು.’

ಇದು ಬಹಿರಂಗ ಪತ್ರವಾದ್ದರಿಂದ, ತಾವು ಯಾರೆಂಬುದನ್ನು ಊರಿನ ಮಹಾಜನರಿಗೆ ತಿಳಿಸುವುದು ಉಚಿತ. ಮೂವತ್ತೊಂದು ಜನರಿದ್ದ ನಮ್ಮ ತರಗತಿಯನ್ನು ಒಂದರಿಂದ ಮೂವತ್ತೊಂದರವರೆಗೆ ಸಾಲಾಗಿ ನಿಲ್ಲಿಸಿ, ವರ್ಷಕ್ಕೊಮ್ಮೆ ಬಸ್ ಟಿಕೆಟ್ಟಿನಷ್ಟಗಲದ ಚೀಟಿಯಲ್ಲಿ ಪ್ರತಿಯೊಬ್ಬರ ಸ್ಥಾನವನ್ನು ಮುದ್ರಿಸಿ ಕೊಡುವ ಯಂತ್ರ ತಾವು. ಹೆರಾಲ್ಡ್ ಎಂಬ ನಾಮಕರಣ ನಮ್ಮ ಮಾರ್ಗದರ್ಶಕಿ ವೆಲ್ಡಾ ಕ್ವಾಮ್ ಅವರದು; ಅದು ಅವರ ದಿವಂಗತ ಪತಿಯ ಹೆಸರು. ‘ಅವ್ರೂ ಹಿಂಗೇ ಇದ್ರು ಕಣಮ್ಮ, ಒಂದ್ಸಲ ಹೇಳಿದ್ರೆ ಮುಗೀತು, ತಿದ್ದೋ ಮಾತೇ ಇಲ್ಲ’ ಎಂದು ಅವರು ತಮ್ಮ ಪರದೆಯ ಮೇಲಿನ ಧೂಳು ಒರೆಸುತ್ತಾ ನನ್ನ ಬಳಿ ಹೇಳಿದ್ದರು.

ಇನ್ನು ನಾನು. ಕಡತದಲ್ಲಿ ನನ್ನ ಹೆಸರು ಮಾರೆನ್ ಗುಲ್‌ಸ್ವಿಗ್ ಎಂದಿದೆ. ಅದನ್ನು ಓದಿ ನನ್ನನ್ನು ಆ ಹೆಸರಿನಿಂದ ಗುರುತಿಸುವವರು ಬಹುಶಃ ತಾವೊಬ್ಬರೇ. ಊರಿನ ಉಳಿದವರೆಲ್ಲರಿಗೂ ನಾನು ‘ಬ್ಯಾಂಡ್ ಮೇಷ್ಟ್ರ ಮಗಳು’. ಅಪ್ಪ, ಅಂದರೆ ಲೈಲ್ ಗುಲ್‌ಸ್ವಿಗ್, ಇಪ್ಪತ್ತೆರಡು ವರ್ಷಗಳಿಂದ ಅದೇ ಶಾಲೆಯಲ್ಲಿ ಬ್ಯಾಂಡ್ ಕಲಿಸುತ್ತಿದ್ದಾರೆ; ನಾನು ಐದನೆಯ ತರಗತಿಯಿಂದ ಅವರ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ಟ್ಯೂಬಾ ಎಂಬ, ನನಗಿಂತ ದೊಡ್ಡ ಹೊಟ್ಟೆಯ ಹಿತ್ತಾಳೆ ವಾದ್ಯವನ್ನು ತಬ್ಬಿಕೊಂಡು ‘ಪೂಂ, ಪೂಂ’ ಎನ್ನಿಸುತ್ತಿದ್ದೆ. ಶಾಲೆಗಿದ್ದದ್ದು ಅದೊಂದೇ ಟ್ಯೂಬಾ, ಅದನ್ನು ಊದುತ್ತಿದ್ದವಳು ನಾನೊಬ್ಬಳೇ. ಆದರೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ಜಿಮ್ಮಿನ, ಅಂದರೆ ಶಾಲೆಯ ಆಟದ ಹಾಲಿನ, ಬಾಗಿಲ ಪಕ್ಕದಲ್ಲಿ ಒಂದು ಓಕ್ ಮರದ ಹಲಗೆ ಇದೆಯಲ್ಲ, ವರ್ಷಕ್ಕೊಬ್ಬರಂತೆ ತರಗತಿಗೆ ಮೊದಲು ಬಂದು ಪದವಿ ಪ್ರದಾನದ ದಿನ ಭಾಷಣ ಮಾಡಿದ ವ್ಯಾಲೆಡಿಕ್ಟೋರಿಯನ್‌ಗಳ ಹೆಸರನ್ನು ಬಂಗಾರದ ಬಣ್ಣದಲ್ಲಿ ಬರೆಸಿರುವ ಹಲಗೆ, ಅದರ ಮೇಲೆ ನನ್ನ ಹೆಸರು ಬರಬೇಕು, ಯಾರ ಮಗಳು ಎಂಬುದು ಬರಬಾರದು ಎಂದು ನನಗೆ ಆಸೆ. ಈ ನಾಲ್ಕು ವರ್ಷದ ಕಥೆಗೆಲ್ಲ ಬುಡ ಇಷ್ಟೇ.

ಆಸೆ ಎಂದು ಬರೆಯುವಾಗಲೇ ನನಗೆ ನಾಚಿಕೆಯಾಗುತ್ತಿದೆ, ಏಕೆಂದರೆ ನಾರ್ಬಿಯಲ್ಲಿ ಆಸೆ ಪಡುವುದು ಮೂಗು ಕೆರೆದುಕೊಂಡಂತೆ, ಯಾರೂ ನೋಡದಾಗ ಮಾಡಬೇಕಾದ ಕೆಲಸ. ತಾವು ಎಂದೂ ನಮ್ಮ ಚರ್ಚಿನ ನೆಲಮಾಳಿಗೆಗೆ ಬಂದು ಕಾಫಿ ಕುಡಿದವರಲ್ಲ, ಆದ್ದರಿಂದ ತಮಗೆ ಗೊತ್ತಿರಲಾರದು. ಅಲ್ಲಿ ತಟ್ಟೆಯಲ್ಲಿ ಒಂದೇ ಒಂದು ನಿಂಬೆ ಬಿಲ್ಲೆ, ಅಂದರೆ ನಿಂಬೆರಸ ಹಾಕಿ ಬೇಯಿಸಿದ ಸಿಹಿತಿಂಡಿಯ ತುಂಡು, ಉಳಿದರೆ ಅದನ್ನು ಇಡಿಯಾಗಿ ಎತ್ತಿಕೊಂಡವನು ನಮ್ಮೂರಿನಲ್ಲಿ ಮತ್ತೆ ತಲೆ ಎತ್ತುವಂತಿಲ್ಲ. ಮೊದಲು ಬಂದವಳು ಅದನ್ನು ಅರ್ಧ ಕತ್ತರಿಸಿ ಅರ್ಧ ಬಿಡುತ್ತಾಳೆ, ಎರಡನೆಯವರು ಆ ಅರ್ಧದಲ್ಲಿ ಅರ್ಧ, ಮೂರನೆಯವರು ಅದರಲ್ಲೂ ಅರ್ಧ. ಹೀಗೆ ಇರುವೆಗೂ ಸಾಲದ ಚೂರೊಂದು ತಟ್ಟೆಯ ಮೇಲೆ ಉಳಿದು, ಕಡೆಗೆ ತಟ್ಟೆ ತೊಳೆಯುವವರ ಪಾಲಾಗುತ್ತದೆ. ಯಾರಾದರೂ ಏನನ್ನಾದರೂ ‘ತಗೋ’ ಎಂದರೆ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ತೆಗೆದುಕೊಳ್ಳಬೇಕು. ಇಂಥ ಊರಿನಲ್ಲಿ ಹುಟ್ಟಿ, ಎಲ್ಲರಿಗಿಂತ ಮೊದಲು ನಿಲ್ಲಬೇಕೆಂದು ಹಂಬಲಿಸಿದವಳು ನಾನು. ಅಂಗಡಿಯಲ್ಲಿ ಯಾರಾದರೂ ‘ಓದು ಹೆಂಗಿದೆಯಮ್ಮ?’ ಎಂದರೆ, ‘ಏನೋ, ನಡೀತಾ ಇದೆ’ ಎಂದು ಬೂಟಿನ ತುದಿ ನೋಡುತ್ತಿದ್ದೆ. ಮನೆಗೆ ಬಂದು ಇನ್ನೂ ಎರಡು ಅಧ್ಯಾಯ ಓದುತ್ತಿದ್ದೆ.

ಹೈಸ್ಕೂಲಿನ ಮೊದಲ ವರ್ಷ, ಒಂಬತ್ತನೆಯ ತರಗತಿಯ ಕೊನೆಗೆ, ತಾವು ನನಗೆ ಕೊಟ್ಟ ಮೊದಲ ಚೀಟಿಯಲ್ಲಿ ಏಳು ಎಂದಿತ್ತು. ಮೂವತ್ತೊಂದರಲ್ಲಿ ಏಳು. ಅದನ್ನು ಹಿಡಿದು ವೆಲ್ಡಾ ಅವರ ಕೋಣೆಗೆ ಹೋಗಿ, ಕೇಳಬಾರದ್ದನ್ನು ಕೇಳುವವಳ ಹಾಗೆ ಬಾಗಿಲಲ್ಲೇ ನಿಂತು, ಇದು ಹೇಗೆ ಮೇಲೇರುತ್ತದೆ ಎಂದು ಕೇಳಿದೆ. ಅವರು ಪುಣ್ಯಾತ್ಗಿತ್ತಿ, ನಗಲಿಲ್ಲ. ಸಾದಾ ತರಗತಿಯಲ್ಲಿ ಎ ಬಂದರೆ ತಾವು ನಾಲ್ಕು ಅಂಕ ಕೊಡುತ್ತೀರೆಂದೂ, ಅಡ್ವಾನ್ಸ್ಡ್ ತರಗತಿಯಲ್ಲಿ ಎ ಬಂದರೆ ಐದು ಕೊಡುತ್ತೀರೆಂದೂ, ಎಲ್ಲ ಕೂಡಿಸಿ ಸರಾಸರಿ ತೆಗೆಯುತ್ತೀರೆಂದೂ ವಿವರಿಸಿದರು. ತಮ್ಮ ಈ ನ್ಯಾಯವನ್ನು ನಾನು ಆಗ ಮನಸಾರೆ ಮೆಚ್ಚಿಕೊಂಡೆ. ಮರುವರ್ಷದಿಂದ ಅಡ್ವಾನ್ಸ್ಡ್ ಎಂಬ ಹಣೆಪಟ್ಟಿ ಇದ್ದ ಯಾವುದನ್ನೂ ನಾನು ಬಿಡಲಿಲ್ಲ. ದೂರದ ಫಾರ್ಗೋ ನಗರದಲ್ಲಿ ಕೂತ ಮೇಷ್ಟ್ರೊಬ್ಬರು ಪರದೆಯ ಮೇಲೆ ಕಲಿಸುವ ಭೌತಶಾಸ್ತ್ರಕ್ಕೆ ನಮ್ಮ ಶಾಲೆಯಿಂದ ಸೇರಿದ ಏಕೈಕ ವಿದ್ಯಾರ್ಥಿನಿಯಾಗಿ, ಖಾಲಿ ಕೋಣೆಯಲ್ಲಿ ಕೈಯೆತ್ತಿ ಅನುಮತಿ ಕೇಳಿ ಶೌಚಾಲಯಕ್ಕೆ ಹೋಗುತ್ತಿದ್ದೆ. ಒಂದು ಚಿತ್ರವನ್ನೂ ಕಣ್ಣಾರೆ ಕಾಣದೆ ಚಿತ್ರಕಲೆಯ ಇತಿಹಾಸದಲ್ಲಿ ಎ ತೆಗೆದೆ.

ವ್ಯಾಯಾಮದ ತರಗತಿ ಮಾತ್ರ ಕಡ್ಡಾಯ, ಅದಕ್ಕೆ ನಾಲ್ಕೇ ಅಂಕ. ಆದರೆ ಅದನ್ನು ಬೇಸಿಗೆಯಲ್ಲಿ ಮನೆಯಿಂದಲೇ ಮಾಡಿದರೆ ಬರೀ ‘ಪಾಸು’ ಎಂದು ಬರೆದು ಲೆಕ್ಕದಿಂದ ಕೈಬಿಡುತ್ತೀರೆಂಬ ಗುಟ್ಟನ್ನು ಪತ್ತೆ ಹಚ್ಚಿದವಳು ನಾನೇ ಎಂದು ವಿನಯದಿಂದ ಹೇಳಿಕೊಳ್ಳುತ್ತೇನೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆದು, ಸೊಂಟದ ಹೆಜ್ಜೆಗಣಕದ ಅಂಕಿಯನ್ನು ಕಳಿಸಬೇಕಿತ್ತು. ಆದರೆ ನಾರ್ಬಿಯಲ್ಲಿ ರಸ್ತೆಯಲ್ಲಿ ನಡೆದು ಹೋಗುವುದೆಂದರೆ ಕಾರು ಕೆಟ್ಟಿದೆ ಎಂದೇ ಅರ್ಥ. ಸಕ್ಕರೆ ಬೀಟ್ ಗಡ್ಡೆ ಬೆಳೆಯುವ ಮುದುಕ ಆರ್ವಿಡ್ ತನ್ನ ಪಿಕಪ್ಪು ನಿಲ್ಲಿಸಿ ‘ಹತ್ತಮ್ಮ, ಬಿಟ್ ಬರ್ತೀನಿ’ ಎನ್ನುವನು. ನಾನು ಬೇಡ ಎನ್ನುವೆ. ‘ಹತ್ತಮ್ಮ, ಬಿಸ್ಲು’ ಎನ್ನುವನು. ಬೇಡ ಎನ್ನುವೆ. ‘ಹತ್ತೇ ತಾಯಿ’ ಎಂದು ಮೂರನೆಯ ಸಲ ಅನ್ನುವನು. ಮೂರನೆಯ ಸಲವೂ ಬೇಡ ಎಂದರೆ ಅದು ಜಗಳ. ಹತ್ತಿ ಕೂರುವೆ. ಹೀಗೆ ಜೂನ್ ತಿಂಗಳಿಡೀ ನಾನು ಪಿಕಪ್ಪಿನಲ್ಲಿ ಕೂತು, ಆರ್ವಿಡ್ ರಸ್ತೆ ನೋಡುವಾಗ ಮಡಿಲಲ್ಲಿ ಹೆಜ್ಜೆಗಣಕವನ್ನು ಅಲ್ಲಾಡಿಸುತ್ತಾ ವ್ಯಾಯಾಮ ಮಾಡಿದೆ. ಇದು ತಮ್ಮ ಮುಂದೆ ನನ್ನ ಮೊದಲ ತಪ್ಪೊಪ್ಪಿಗೆ.

ಹತ್ತನೆಯ ತರಗತಿಯ ಕೊನೆಗೆ ತಮ್ಮ ಚೀಟಿಯಲ್ಲಿ ಮೂರು ಎಂದು ಬಂತು. ಬಂಡಿ ಅಲ್ಲೇ ಹೂತುಹೋಗುವ ಹಾಗೆ ಕಂಡಿತು. ಎಲ್ಲದರಲ್ಲೂ ಎ, ಆದರೂ ಮೂರು. ವೆಲ್ಡಾ ಅವರು ಕನ್ನಡಕ ಏರಿಸಿ, ತಮ್ಮ ಪರದೆಯ ಮೇಲೆ ಬೆರಳಿಟ್ಟು, ನೋಡಿ ನೋಡಿ, ನಿಟ್ಟುಸಿರು ಬಿಟ್ಟು, ‘ಬ್ಯಾಂಡಲ್ಲಿ ನೂರಕ್ಕೆ ನೂರು ತೆಗ್ದಿದ್ದೀಯಲ್ಲ, ಅದೇ ಮುಳುವಾಗಿರೋದು ಕಣೇ’ ಎಂದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಸರಾಸರಿ ನಾಲ್ಕನ್ನು ದಾಟಿತ್ತು. ಬ್ಯಾಂಡಿನಲ್ಲಿ ಎಷ್ಟೇ ಚೆನ್ನಾಗಿ ಊದಿದರೂ ತಾವು ಕೊಡುವುದು ನಾಲ್ಕು. ಆದ್ದರಿಂದ ನಾನು ಒಂದೂ ಸ್ವರ ತಪ್ಪದೆ ನುಡಿಸಿದಷ್ಟೂ ನನ್ನ ಸರಾಸರಿ ಕೆಳಗೆ ಜಾರುತ್ತಿತ್ತು. ಪೂರ್ಣಾಂಕ ಪಡೆದದ್ದಕ್ಕೆ ಶಿಕ್ಷೆ ವಿಧಿಸುವ ಈ ಲೆಕ್ಕವನ್ನು ಕಂಡುಹಿಡಿದವರಿಗೆ ನಮ್ಮೂರಿನ ಚೌಕದಲ್ಲಿ ಒಂದು ಪ್ರತಿಮೆ ನಿಲ್ಲಿಸಬೇಕೆಂದೂ, ಅದರ ಅನಾವರಣಕ್ಕೆ ಬ್ಯಾಂಡು ಕರೆಯಬಾರದೆಂದೂ ನಾನು ಈ ಮೂಲಕ ಸೂಚಿಸುತ್ತೇನೆ.

ಹಾಗಾಗಿ ಹನ್ನೊಂದನೆಯ ತರಗತಿಗೆ ಮುಂಚೆ ನಾನು ಬ್ಯಾಂಡ್ ಬಿಟ್ಟೆ. ಬಿಡುವ ಅರ್ಜಿಗೆ ಎರಡು ಸಹಿ ಬೇಕು: ಪೋಷಕರದೊಂದು, ಆ ವಿಷಯದ ಮೇಷ್ಟ್ರದೊಂದು. ಅಡುಗೆಮನೆಯ ಮೇಜಿನ ಮೇಲೆ ನಾನು ಹಾಳೆ ಇಟ್ಟಾಗ ಅಪ್ಪ ಆಲೂಗಡ್ಡೆ ಸುಲಿಯುತ್ತಿದ್ದರು. ಕೈ ಒರೆಸಿಕೊಂಡು, ಪೂರ್ತಿ ಓದಿ, ನೀಲಿ ಪೆನ್ನಿನಿಂದ ತಂದೆಯ ಜಾಗದಲ್ಲಿ ಸಹಿ ಹಾಕಿದರು. ಆಮೇಲೆ ಎದ್ದು ಹೋಗಿ ಡ್ರಾಯರಿನಲ್ಲಿ ತಡಕಾಡಿ ಕಪ್ಪು ಪೆನ್ನು ತಂದರು, ಏಕೆಂದರೆ ಶಾಲೆಯ ಸಿಬ್ಬಂದಿ ಕಪ್ಪು ಶಾಯಿಯಲ್ಲೇ ಸಹಿ ಮಾಡಬೇಕೆಂದು ನಿಯಮವಿದೆ. ಆ ಪೆನ್ನಿನಿಂದ ಮೇಷ್ಟ್ರ ಜಾಗದಲ್ಲಿ ಇನ್ನೊಂದು ಸಹಿ ಹಾಕಿದರು. ‘ಅದೂ ಒಂಥರಾ ಸರೀನೇ’ ಎಂದರು. ನಮ್ಮೂರಿನಲ್ಲಿ ‘ಒಂಥರಾ’ ಎಂಬ ಮಾತಿಗಿಂತ ಕಠಿಣವಾದ ಮಾತನ್ನು ಸಭ್ಯರು ಆಡುವುದಿಲ್ಲ. ನಂತರ ಅವರು ಹೊರಗೆ ಹೋಗಿ, ಹಿಂದಿನ ದಿನವಷ್ಟೇ ಕತ್ತರಿಸಿದ್ದ ಹುಲ್ಲನ್ನು ಮತ್ತೆ ಕತ್ತರಿಸಿದರು. ನಾನು ಕಿಟಕಿಯಿಂದ ನೋಡಿದೆ. ನೋಡಿ, ಮಾಡಿದ್ದು ಸರಿಯೇ ಎಂದು ಅಂದುಕೊಂಡೆ. ಇದು ಎರಡನೆಯ ತಪ್ಪೊಪ್ಪಿಗೆ, ಮೊದಲನೆಯದಕ್ಕಿಂತ ಸಾವಿರ ಪಾಲು ದೊಡ್ಡದು.

ಟ್ಯೂಬಾ ಇಲ್ಲದ ಬ್ಯಾಂಡು ಹೇಗಿರುತ್ತದೆಂದು ಕಿವಿಯಿಲ್ಲದ ತಮಗೆ ಹೇಳುವುದು ಕಷ್ಟ. ಕೊಳಲು, ಕ್ಲಾರಿನೆಟ್ಟು, ತುತ್ತೂರಿಗಳು ಮೇಲೆ ಮೇಲೆ ಓಡುತ್ತಿರುತ್ತವೆ, ಕೆಳಗೆ ನೆಲ ಇರುವುದಿಲ್ಲ. ಹತ್ತೊಂಬತ್ತು ಜನರ ಬ್ಯಾಂಡಿನಲ್ಲಿ ಇನ್ನೊಬ್ಬ ಟ್ಯೂಬಾದವನನ್ನು ತರುವುದಾದರೂ ಎಲ್ಲಿಂದ? ಅಪ್ಪ ಒಂದು ಉಪಾಯ ಮಾಡಿದರು. ತಮ್ಮ ಎಡಕ್ಕೆ ವಿದ್ಯುತ್ ಪಿಯಾನೋ ಒಂದನ್ನು ಇಟ್ಟುಕೊಂಡು, ಬಲಗೈಯಲ್ಲಿ ಕೋಲು ಹಿಡಿದು ತಾಳ ತೋರಿಸುತ್ತಾ, ಎಡಗೈಯಲ್ಲಿ ನನ್ನ ‘ಪೂಂ, ಪೂಂ’ ಅನ್ನು ತಾವೇ ಬಾರಿಸತೊಡಗಿದರು. ಮೊದಲೆಲ್ಲ ಎರಡು ಕೈಯನ್ನೂ ಎತ್ತಿ, ಒಣಹಾಕಿದ ಬಟ್ಟೆ ಗಾಳಿಗೆ ಹಾರುವ ಹಾಗೆ ಬ್ಯಾಂಡ್ ನಡೆಸುತ್ತಿದ್ದ ಮನುಷ್ಯ, ಎರಡು ವರ್ಷ ಒಂದು ಪಕ್ಕಕ್ಕೆ ವಾಲಿಕೊಂಡೇ ನಿಂತರು. ಖಾಲಿಯಾದ ಹಿಂದಿನ ಸಾಲಿನ ಕುರ್ಚಿಯ ಮೇಲೆ ಟ್ಯೂಬಾ ಹಾಗೇ ಕೂತಿತ್ತು. ‘ಕಪಾಟಲ್ಲಿ ಜಾಗ ಇಲ್ಲ’ ಎಂದು ಅಪ್ಪ ಕೇಳಿದವರಿಗೆಲ್ಲ ಹೇಳಿದರು. ಆ ಕಪಾಟಿನಲ್ಲಿ ಜಾಗ ಇದ್ದದ್ದು ನನಗೆ ಗೊತ್ತು.

ಬ್ಯಾಂಡ್ ಬಿಟ್ಟ ಫಲವನ್ನು ತಾವು ಧಾರಾಳವಾಗಿ ದಯಪಾಲಿಸಿದಿರಿ. ಹನ್ನೊಂದನೆಯ ತರಗತಿಯ ಕೊನೆಗೆ ಎರಡನೆಯ ಸ್ಥಾನ. ಮೊದಲನೆಯವಳು ಬ್ರಿಟಾ ಸ್ಟೆನ್ಸ್‌ರುಡ್, ಅದೇ ಬ್ಯಾಂಡಿನ ಮೊದಲ ಸಾಲಿನ ಕ್ಲಾರಿನೆಟ್ಟಿನವಳು, ಒಂದನೆಯ ತರಗತಿಯಿಂದ ನನ್ನ ಗೆಳತಿ. ಓದಿನಲ್ಲಿ ಅವಳು ನನಗಿಂತ ಒಂದು ಕೈ ಮೇಲು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ, ನನಗಂತೂ ಇಲ್ಲ. ರಸಾಯನಶಾಸ್ತ್ರದಲ್ಲಿ ನನಗೆ ಎ ಮೈನಸ್ ಬಂದಾಗ ಅವಳಿಗೆ ಎ ಬಂತು. ಆ ಲೆಕ್ಕಗಳನ್ನು ನನಗೆ ಹೇಳಿಕೊಟ್ಟವಳೂ ಅವಳೇ. ಆದರೆ ಬ್ರಿಟಾ ನಾಲ್ಕೂ ವರ್ಷ ಬ್ಯಾಂಡ್ ಬಿಡಲಿಲ್ಲ. ವರ್ಷ ವರ್ಷವೂ ನೂರಕ್ಕೆ ನೂರು ತೆಗೆದು, ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಕೆಳಗೆ ಜಾರಿದಳು. ಮತ್ತು ಈ ಏಪ್ರಿಲ್‌ನಲ್ಲಿ, ಹೊಲದ ಅಂಚಿನಲ್ಲಿ ಇನ್ನೂ ಹಿಮ ಇದ್ದ ಒಂದು ಮಂಗಳವಾರ, ತಾವು ನನ್ನ ಚೀಟಿಯಲ್ಲಿ ಒಂದು ಎಂದು ಮುದ್ರಿಸಿದಿರಿ. ನನಗೂ ಅವಳಿಗೂ ನಡುವೆ ಇದ್ದದ್ದು ಪಾಯಿಂಟ್ ಸೊನ್ನೆ ಸೊನ್ನೆ ನಾಲ್ಕು.

ಆಗ ನಾನು ಕುಣಿದಾಡಿದೆನೆಂದು ತಾವು ಭಾವಿಸಿರಬಹುದು. ನಿಜ ಹೇಳುತ್ತೇನೆ, ಕುಣಿದೆ. ಶಾಲೆಯ ಶೌಚಾಲಯದಲ್ಲಿ, ಬಾಗಿಲಿಗೆ ಚಿಲಕ ಹಾಕಿಕೊಂಡು, ಶಬ್ದವಾಗದಂತೆ ಕುಣಿದೆ. ಹೊರಗೆ ಬಂದಾಗ ಮೊದಲು ಸಿಕ್ಕವಳು ಬ್ರಿಟಾ. ಅವಳಿಗೆ ಆಗಲೇ ಚೀಟಿ ಸಿಕ್ಕಿತ್ತು. ‘ಒಳ್ಳೇದಾಯ್ತು ಬಿಡೇ, ನಂಗೆ ಮೈಕ್ ಮುಂದೆ ನಿಂತ್ರೆ ವಾಂತಿ ಬರುತ್ತೆ’ ಎಂದು ನನ್ನ ಭುಜ ತಟ್ಟಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ, ‘ನಿಮ್ಮಪ್ಪಂಗೆ ಎಡಗೈ ಮಣಿಕಟ್ಟು ನೋವಂತೆ ಕಣೇ, ಪಟ್ಟಿ ಕಟ್ಕೊಂಡಿದ್ರು, ಮನೇಲಿ ಹೇಳಿದ್ರಾ?’ ಎಂದು ಕೇಳಿದಳು. ಮನೆಯಲ್ಲಿ ಹೇಳಿರಲಿಲ್ಲ. ನಾನೂ ಗಮನಿಸಿರಲಿಲ್ಲ. ಲೆಬನಾನಿನ ಜನಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಎದುರಿಗೆ ಕೂತು ಊಟ ಮಾಡುವವರ ಮಣಿಕಟ್ಟು ಕಂಡಿರಲಿಲ್ಲ. ಅವತ್ತು ನನಗೆ ನನ್ನ ಮೇಲೇ ಅಸಹ್ಯವಾಯಿತು, ಅದನ್ನು ಅಲಂಕಾರವಿಲ್ಲದೆ ಹೇಳಿಬಿಡುತ್ತೇನೆ.

ಮರುದಿನ ವೆಲ್ಡಾ ಅವರಲ್ಲಿಗೆ ಹೋಗಿ, ಈ ಮೊದಲ ಸ್ಥಾನವನ್ನು ಅರ್ಧ ಮಾಡಲು ಬರುತ್ತದೆಯೇ ಎಂದು ಕೇಳಿದೆ. ನಾರ್ಬಿಯ ಮಗಳಾಗಿ ನನಗೆ ಹೊಳೆದದ್ದು ಅಷ್ಟೇ: ತಟ್ಟೆಯಲ್ಲಿ ಒಂದೇ ಬಿಲ್ಲೆ ಉಳಿದಿದೆ, ಚಾಕು ಎಲ್ಲಿ? ವೆಲ್ಡಾ ಅವರು ತಮ್ಮ ಪರದೆಯ ಕಡೆ ನೋಡಿ, ನನ್ನ ಕಡೆ ನೋಡಿ, ‘ಹೆರಾಲ್ಡ್ ಅರ್ಧ ಮಾಡಲ್ಲ ಕಣಮ್ಮ. ನಮ್ಮ ಯಜಮಾನರೂ ಕೊನೇ ಬಿಲ್ಲೇನ ಇಡಿಯಾಗಿ ತಿಂತಿದ್ರು. ಅದಕ್ಕೇ ನಮ್ಮನ್ನ ಯಾರೂ ಊಟಕ್ಕೆ ಕರೀತಿರ್ಲಿಲ್ಲ’ ಎಂದರು. ಬ್ರಿಟಾಳ ಬ್ಯಾಂಡಿನ ಅಂಕಗಳನ್ನಾದರೂ ಲೆಕ್ಕದಿಂದ ತೆಗೆಯಬಹುದೇ ಎಂದೆ. ಆಗುವುದಿಲ್ಲವಂತೆ. ನಾನು ಈಗ ಮತ್ತೆ ಬ್ಯಾಂಡ್ ಸೇರಬಹುದೇ ಎಂದೆ. ಲೆಕ್ಕ ಮುಗಿಸಿಬಿಟ್ಟಿದ್ದೀರಂತೆ. ನಾಲ್ಕು ವರ್ಷ ಒಂದೊಂದು ಅಂಕವನ್ನೂ ಮೇಲಕ್ಕೆ ತಳ್ಳಿದ ನನಗೆ, ಒಂದನ್ನು ಕೆಳಕ್ಕೆ ತಳ್ಳುವ ದಾರಿ ಯಾರೂ ಕಲಿಸಿಕೊಟ್ಟಿರಲಿಲ್ಲ.

ಪದವಿ ಪ್ರದಾನ ಮೇ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ ಎರಡಕ್ಕೆ, ಜಿಮ್ಮಿನಲ್ಲಿ. ಬ್ಯಾಸ್ಕೆಟ್‌ಬಾಲ್ ಬುಟ್ಟಿಗಳನ್ನು ಮೇಲಕ್ಕೆ ಮಡಚಿದ್ದರು, ಊರೆಲ್ಲ ಬಂದಿತ್ತು, ಆರ್ವಿಡ್ ಮುದುಕ ಟೈ ಕಟ್ಟಿದ್ದ. ನಾನು ವೇದಿಕೆಯ ಮೇಲೆ ಪ್ರಿನ್ಸಿಪಾಲರ ಪಕ್ಕ, ಕೊರಳಲ್ಲಿ ಮೊದಲಿಗರಿಗೆ ಹಾಕುವ ಬಂಗಾರದ ಬಣ್ಣದ ಹುರಿ ಹಾಕಿಕೊಂಡು ಕೂತಿದ್ದೆ. ಕೆಳಗೆ ಬಲಗಡೆ ಅಪ್ಪನ ಬ್ಯಾಂಡು. ನನ್ನ ಭಾಷಣ ಸರಿಯಾಗಿ ನಾಲ್ಕು ನಿಮಿಷ. ಅದರಲ್ಲಿ ಪರಿಶ್ರಮ ಎಂಬ ಮಾತು ಒಂಬತ್ತು ಸಲ ಬರುತ್ತದೆ, ಅಪ್ಪ ಎಂಬ ಮಾತು ಒಂದು ಸಲವೂ ಬರುವುದಿಲ್ಲ. ಮನೆಯವರನ್ನು ನಾಲ್ಕು ಜನರ ಮುಂದೆ ಹೊಗಳುವುದು ನಮ್ಮಲ್ಲಿ ಜಂಬವೆನಿಸಿಕೊಳ್ಳುತ್ತದೆ ಎಂಬ ನೆಪ ನನ್ನ ಬಳಿ ಸಿದ್ಧವಾಗಿತ್ತು. ಜನ ಎಷ್ಟು ಬೇಕೋ ಅಷ್ಟೇ ಚಪ್ಪಾಳೆ ತಟ್ಟಿದರು. ನನಗೆ ಬೇಕಿದ್ದದ್ದೆಲ್ಲ ಅಲ್ಲಿಗೆ ಸಿಕ್ಕಿತ್ತು.

ನಂತರ ಶಾಲೆಯ ಹಾಡು. ನಮ್ಮಲ್ಲಿ ಒಂದು ಪದ್ಧತಿ ಇದೆ: ಈ ಒಂದು ಹಾಡಿಗೆ, ಬ್ಯಾಂಡಿನಲ್ಲಿದ್ದ ಕೊನೆಯ ವರ್ಷದವರು ನಿಲುವಂಗಿ ಟೋಪಿ ಸಮೇತ ತಮ್ಮ ಜಾಗ ಬಿಟ್ಟು ಹೋಗಿ, ಬ್ಯಾಂಡಿನ ಮಧ್ಯೆ ಕೂತು ಕೊನೆಯ ಸಲ ನುಡಿಸುತ್ತಾರೆ. ಬ್ರಿಟಾ ಎದ್ದಳು. ಇನ್ನೂ ನಾಲ್ವರು ಎದ್ದರು. ಕುರ್ಚಿಗಳು ಸರಿದಾಡಿದವು, ತಾಯಂದಿರು ಕರವಸ್ತ್ರ ಹುಡುಕಿದರು. ಹಿಂದಿನ ಸಾಲಿನಲ್ಲಿ ಟ್ಯೂಬಾ ಎಂದಿನಂತೆ ಕುರ್ಚಿಯ ಮೇಲೆ ಒಂಟಿಯಾಗಿ ಕೂತಿತ್ತು. ಅಪ್ಪ ಬಲಗೈಯಲ್ಲಿ ಕೋಲು ಎತ್ತಿ, ಪಟ್ಟಿ ಕಟ್ಟಿದ ಎಡಗೈಯನ್ನು ಪಿಯಾನೋದ ಮೇಲೆ ಇಟ್ಟು, ವಾಲಿದರು.

ನಾನು ಎದ್ದೆ. ಪ್ರಿನ್ಸಿಪಾಲರು ನನ್ನ ತೋಳು ಹಿಡಿದು, ‘ನೀನಲ್ಲಮ್ಮ, ಬ್ಯಾಂಡ್‌ನೋರು’ ಎಂದು ಪಿಸುಗುಟ್ಟಿದರು. ನಾನು ಮೆಟ್ಟಿಲು ಇಳಿದೆ. ಮುಖ ಕೆಂಪೇರಿತ್ತು, ಊರೆಲ್ಲ ನೋಡುತ್ತಿತ್ತು, ಕೇಳದೆ ಹೋಗಿ ಇಡೀ ಬಿಲ್ಲೆಗೆ ಕೈ ಹಾಕಿದವಳನ್ನು ನೋಡುವ ಹಾಗೆ ನೋಡುತ್ತಿತ್ತು. ಟ್ಯೂಬಾ ಎತ್ತಿ ಮಡಿಲಿಗೆ ಇಟ್ಟುಕೊಂಡೆ. ಕೊರಳಿನ ಬಂಗಾರದ ಹುರಿ ಅದರ ಕೊಳವೆಗಳಿಗೆ ಸಿಕ್ಕಿಹಾಕಿಕೊಂಡಿತು. ಬಿಡಿಸಿ ನೆಲದ ಮೇಲೆ ಎಸೆದೆ. ಎರಡು ವರ್ಷ ಯಾರೂ ಊದದ ವಾದ್ಯದ ಗುಂಡಿಗಳು ಕಚ್ಚಿಕೊಂಡಿರುತ್ತವೆ ಎಂದುಕೊಂಡಿದ್ದೆ. ಒತ್ತಿದರೆ ಮೆತ್ತಗೆ ಇಳಿದವು. ಯಾರೋ ತಪ್ಪದೆ ಎಣ್ಣೆ ಹಾಕುತ್ತಿದ್ದರು.

ಅಪ್ಪ ನನ್ನನ್ನು ನೋಡಲಿಲ್ಲ. ತಾಳ ಕೊಟ್ಟರು. ನಾನು ಊದಿದೆ. ಮೊದಲ ಸ್ವರ, ಮಾನ್ಯರೇ, ಕರು ಹಾಕುವ ಹಸುವಿನದು. ಶಾಲೆಯ ಹಾಡಿನಲ್ಲಿ ಟ್ಯೂಬಾಕ್ಕೆ ಇರುವುದೇ ನಾಲ್ಕು ಸ್ವರ, ಅವನ್ನೇ ತಿರುಗಿಸಿ ತಿರುಗಿಸಿ ಊದಬೇಕು. ಅದರಲ್ಲೂ ಎರಡನೆಯ ಸಾಲಿನಲ್ಲಿ ಒಂದನ್ನು ತಪ್ಪಿಸಿದೆ. ಆರ್ವಿಡ್ ನಕ್ಕದ್ದು ನನ್ನ ತನಕ ಕೇಳಿಸಿತು. ಮೂರನೆಯ ಸಾಲಿನ ಹೊತ್ತಿಗೆ ತುಟಿಗೆ ನೆನಪು ಬಂತು. ‘ಪೂಂ’ ನೆಲಕ್ಕೆ ಇಳಿಯಿತು, ಮೇಲೆ ಓಡುತ್ತಿದ್ದ ಕ್ಲಾರಿನೆಟ್ಟು ಕೊಳಲುಗಳು ಅದರ ಮೇಲೆ ಕಾಲೂರಿದವು. ಆಗ ಅಪ್ಪ ಎಡಗೈಯನ್ನು ಪಿಯಾನೋದ ಮೇಲಿಂದ ಎತ್ತಿದರು. ಎತ್ತಿ, ಅದನ್ನು ಏನು ಮಾಡುವುದೆಂದು ತೋಚದವರ ಹಾಗೆ ಒಂದು ಗಳಿಗೆ ಗಾಳಿಯಲ್ಲಿ ಹಿಡಿದು, ಆಮೇಲೆ ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಬ್ಯಾಂಡ್ ನಡೆಸಿದರು.

ಈಗ ನನ್ನ ದೂರಿಗೆ ಬರುತ್ತೇನೆ. ತಮ್ಮ ಪರದೆಯಲ್ಲಿ ನಾಲ್ಕು ವರ್ಷದ ನನ್ನ ಎಲ್ಲ ಅಂಕಗಳಿವೆ, ಆ ಎಡಗೈ ಎಲ್ಲೂ ಇಲ್ಲ. ಅದು ತಮ್ಮ ತಪ್ಪಲ್ಲವೆಂದು ಬಲ್ಲೆ; ತಮಗೆ ಏನು ಕೊಟ್ಟರೋ ಅದನ್ನು ತಾವು ಕೂಡಿಸಿದಿರಿ, ನಾನು ಕೇಳಿದ್ದನ್ನೇ ಕೊಟ್ಟಿರಿ. ಯಂತ್ರವೊಂದನ್ನು ಇದಕ್ಕಿಂತ ಹೆಚ್ಚು ಹೊಗಳಲು ನನಗೆ ಬಾರದು. ಆದರೂ ಕೆಳಗಿನ ಸಣ್ಣಪುಟ್ಟ ಬೇಡಿಕೆಗಳನ್ನು ಪರಿಶೀಲಿಸಬೇಕಾಗಿ ಪ್ರಾರ್ಥನೆ. ನನ್ನ ವ್ಯಾಯಾಮದ ‘ಪಾಸು’ ಅನ್ನು ರದ್ದು ಮಾಡಿ ಆರ್ವಿಡ್‌ನ ಪಿಕಪ್ಪಿಗೆ ವರ್ಗಾಯಿಸುವುದು; ಅಷ್ಟೂ ಹೆಜ್ಜೆ ಹಾಕಿದ್ದು ಅದೇ. ಎರಡನೆಯದಾಗಿ, ಮೇ ತಿಂಗಳ ಕೊನೆಯ ಭಾನುವಾರದ ಟ್ಯೂಬಾ ವಾದನವನ್ನು ಒಂದು ಪೂರ್ಣ ವಿಷಯವೆಂದು ಪರಿಗಣಿಸಿ ನನ್ನ ಕಡತಕ್ಕೆ ಸೇರಿಸುವುದು. ಅಂಕ ಎಷ್ಟೆಂದು ಸಂಬಂಧಪಟ್ಟ ಮೇಷ್ಟ್ರನ್ನೇ ಕೇಳಿದ್ದೇನೆ. ಸಮಾರಂಭದ ನಂತರ ಅವರು ಕಾಫಿ ಲೋಟ ಹಿಡಿದು ನನ್ನ ಪಕ್ಕ ಬಂದು, ಇಬ್ಬರೂ ಗೋಡೆ ನೋಡುತ್ತಾ ನಿಂತಿದ್ದಾಗ, ‘ಎರಡನೇ ಸಾಲಲ್ಲಿ ಒಂದು ಸ್ವರ ಹೋಯ್ತು’ ಎಂದರು. ನಾನು ಹೌದೆಂದೆ. ‘ಬಿ ಮೈನಸ್ ಕೊಡ್ಬೋದು’ ಎಂದರು. ಕಾಫಿ ಮುಗಿಸಿ, ‘ಪರವಾಗಿಲ್ಲ’ ಎಂದರು. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಮೆಚ್ಚುಗೆಯ ಮಾತನ್ನು ಸಭ್ಯರು ಆಡುವುದಿಲ್ಲ; ನಾನು ಹೋಗಿ ಮತ್ತೆ ಅದೇ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡೆ, ಈ ಸಲ ಕುಣಿಯಲು ಅಲ್ಲ.

ಈ ಬಿ ಮೈನಸ್ಸನ್ನು ಸೇರಿಸಿದರೆ, ನಾನೇ ಮೂರು ಸಲ ಕೂಡಿ ಕಳೆದು ನೋಡಿದ ಪ್ರಕಾರ, ನಾನು ಎರಡನೆಯ ಸ್ಥಾನಕ್ಕೆ ಇಳಿಯುತ್ತೇನೆ, ಬ್ರಿಟಾ ಮೊದಲಿಗಳಾಗುತ್ತಾಳೆ. ಓಕ್ ಹಲಗೆಗೆ ಬಣ್ಣ ಬರೆಯುವವರು ಬರುವುದು ಜೂನ್ ಇಪ್ಪತ್ತಕ್ಕೆ. ತಮಗೆ ಸಾಕಷ್ಟು ಸಮಯವಿದೆ. ಹಲಗೆಯ ಮೇಲೆ ಹೆಸರಿಲ್ಲದೆ ಹೋದರೆ ಊರು ನನ್ನನ್ನು ಏನೆಂದು ಕರೆಯುತ್ತದೆ ಎಂಬ ಚಿಂತೆ ತಮಗೆ ಬೇಡ. ಅದಕ್ಕೊಂದು ಹೆಸರು ಮೊದಲಿನಿಂದಲೂ ಇದೆ, ಈಚೆಗೆ ಅದನ್ನು ಕೇಳಿದರೆ ನಾನು ತಿರುಗಿ ನೋಡುತ್ತೇನೆ.

ಫ್ಯಾನು, ಪರದೆ, ಗುಂಡಿಗಳೆಲ್ಲ ಆರೋಗ್ಯವಾಗಿರಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಮಾರೆನ್ ಗುಲ್‌ಸ್ವಿಗ್
(ಬ್ಯಾಂಡ್ ಮೇಷ್ಟ್ರ ಮಗಳು)

ಮರೆತ ಮಾತು: ಸಮಾರಂಭದ ದಿನ ಜಿಮ್ಮಿನ ಮೇಜಿನ ಮೇಲೆ ಒಂದೇ ಒಂದು ನಿಂಬೆ ಬಿಲ್ಲೆ ಉಳಿದಿತ್ತು. ನಾನು ಅರ್ಧ ಕತ್ತರಿಸಿಕೊಂಡೆ, ಬ್ರಿಟಾ ಅದರರ್ಧ, ಅಪ್ಪ ಅದರರ್ಧ, ವೆಲ್ಡಾ ಅವರು ಅದರರ್ಧ, ಆರ್ವಿಡ್ ಕನ್ನಡಕ ಹಾಕಿಕೊಂಡು ಅದರರ್ಧ. ಉಳಿದ ಚೂರನ್ನು ಯಾರೂ ಮುಟ್ಟಲಿಲ್ಲ. ಅಳೆದರೆ ಪಾಯಿಂಟ್ ಸೊನ್ನೆ ಸೊನ್ನೆ ನಾಲ್ಕು ಇದ್ದೀತು. ಅದು ನ್ಯಾಯವಾಗಿ ತಮ್ಮದೇ ಆದ್ದರಿಂದ, ಕಾಗದದಲ್ಲಿ ಸುತ್ತಿ ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ದಯವಿಟ್ಟು ಎರಡು ಸಲ ಬೇಡ ಅನ್ನಿ. ಮೂರನೆಯ ಸಲ ತಮ್ಮ ಬೆನ್ನಿನ ಫ್ಯಾನಿನ ಕಿಂಡಿಯಿಂದ ಒಳಗೆ ಹಾಕಲು ವೆಲ್ಡಾ ಅವರು ಒಪ್ಪಿದ್ದಾರೆ. ಸ್ವಲ್ಪ ಜಿಗುಟಾಗಿದೆ.